ಐದು ನಿಮಿಷದ ಇಡ್ವಲ್

ವೇಲ್ಸಿನ ಗಣಿ ಊರು ಕುಮ್ ಹೆಲಿಗ್‌ನಲ್ಲಿ ಅಪ್ಪ ಅಮ್ಮ ಇಟ್ಟ ಹೆಸರು ಬರೀ ಪ್ರಾರ್ಥನೆಯ ಮನೆಯಾದ ಚಾಪೆಲ್ಲಿನ ದಫ್ತರಕ್ಕೆ. ಊರು ಇಡುವ ಹೆಸರು ಬೇರೆ, ಕಾಯಂ ಆದದ್ದು ಅದೇ. ಇಡೀ ಕಣಿವೆಯಲ್ಲಿ ಇರುವುದೇ ಏಳೆಂಟು ಮನೆತನದ ಹೆಸರುಗಳು. ಒಂದು ಕಲ್ಲೆಸೆದರೆ ಒಬ್ಬ ಪ್ರಿಚರ್ಡ್‌ಗೆ ತಾಗಿ, ಪುಟಿದು ಇನ್ನೊಬ್ಬ ಪ್ರಿಚರ್ಡ್‌ಗೆ ತಾಗುತ್ತದೆ. ಗುರುತಿಗೆ ಏನಾದರೂ ಬೇಕಲ್ಲ! ಬ್ರೆಡ್ ಸುಡುವ ಎವಾನ್ಸ್ ಹಿಟ್ಟು ಎವಾನ್ಸ್ ಆದ. ಕಟ್ಟಿಸಿದ ಹಲ್ಲನ್ನು ಬಿಯರ್ ಲೋಟದೊಳಗೆ ಬೀಳಿಸಿಕೊಂಡು, ಅದನ್ನು ತೆಗೆಯದೆಯೇ ಬಿಯರ್ ಕುಡಿದು ಮುಗಿಸಿದ ಹೇಡನ್, ಹಲ್ಲು ಹೇಡನ್ ಆದ. ಪತ್ರಿಕೆಯಲ್ಲಿ ಸಾವಿನ ಸುದ್ದಿ ಕೊಡುವಾಗಲೂ ಅಡ್ಡಹೆಸರು ಹಾಕಲೇಬೇಕು. ಇಲ್ಲದಿದ್ದರೆ ಸತ್ತವನು ಯಾರೆಂದು ತಿಳಿಯದೆ ಮಣ್ಣಿಗೆ ನಾಲ್ಕು ಜನ ಕೂಡ ಬರುವುದಿಲ್ಲ.

ಕಲ್ಲಿದ್ದಲು ಗಣಿಗೆ ಇಳಿಯುವವರಿಗೆ ದೀಪ ಕೊಡುವ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದ ಇಡ್ವಲ್ ಪ್ರಿಚರ್ಡ್‌ಗೆ ಊರು ಇಟ್ಟ ಹೆಸರು ಐದು ನಿಮಿಷ. ಕಾರ್ಡಿಫ್‌ನಲ್ಲಿ ಇಂಗ್ಲೆಂಡ್ ವಿರುದ್ಧದ ರಗ್ಬಿ ಆಟ ಮುಗಿಯಲು ಐದು ನಿಮಿಷ ಇದೆ ಎನ್ನುವಾಗ, ವೇಲ್ಸ್ ಎರಡು ಅಂಕ ಹಿಂದಿದೆ ಎನ್ನುವಾಗ, ಈ ಮಹಾನುಭಾವ ಎದ್ದು ಹೊರಗೆ ಹೋದ. ಅವನು ಬಾಗಿಲು ದಾಟಿದ ಮೇಲೆ ವೇಲ್ಸ್‌ನ ಹುಡುಗನೊಬ್ಬ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಅರ್ಧ ಮೈದಾನ ಓಡಿ, ಗೆರೆಯಾಚೆ ಬಿದ್ದು, ಆಟ ಗೆಲ್ಲಿಸಿದ. ಯಾವ ವರ್ಷ ಎಂದು ನಾನು ಹೇಳುವುದಿಲ್ಲ. ಹೇಳಿದರೆ ಲೆಕ್ಕದ ಪುಸ್ತಕ ಹಿಡಿದು ಜಗಳಕ್ಕೆ ಬರುವವರು ಇದ್ದಾರೆ. ಗಣಿ ಇನ್ನೂ ತೆರೆದಿತ್ತು, ಇಡ್ವಲ್‌ಗೆ ಇನ್ನೂ ತಲೆತುಂಬ ಕೂದಲಿತ್ತು, ಅಷ್ಟು ಸಾಕು.

ಇದೇನು ಅಂಥ ಮಹಾಪರಾಧ ಎಂದು ಕೇಳುವವರು ಈ ಕಣಿವೆಯಲ್ಲಿ ಹುಟ್ಟಿದವರಲ್ಲ. ಇಲ್ಲಿ ಮಕ್ಕಳ ವಯಸ್ಸನ್ನು ಎಣಿಸುವುದೇ ಇಂಗ್ಲೆಂಡ್ ಆಟದಿಂದ. 'ನಮ್ಮ ಹುಡುಗಿ ಹುಟ್ಟಿದ್ದು ನಾವು ಟ್ವಿಕೆನ್‌ಹ್ಯಾಮ್‌ನಲ್ಲಿ ಮೋಸದಿಂದ ಸೋತ ವಾರ' ಎನ್ನುತ್ತಾರೆ. ಇಂಗ್ಲಿಷರ ಆ ಟ್ವಿಕೆನ್‌ಹ್ಯಾಮ್ ಮೈದಾನದಲ್ಲಿ ವೇಲ್ಸ್ ಸೋತಿರುವುದು ಮೋಸದಿಂದ ಮಾತ್ರ. ಸಾವಿರದ ಎಂಟುನೂರ ಎಂಬತ್ತೊಂದರಲ್ಲಿ ಎರಡು ದೇಶ ಮೊದಲ ಸಲ ಆಡಿದಾಗ ಇಂಗ್ಲೆಂಡ್ ನಮ್ಮವರನ್ನು ಬಟ್ಟೆ ಒಗೆದ ಹಾಗೆ ಒಗೆಯಿತು. ಅವತ್ತು ನಮ್ಮ ಇಬ್ಬರು ಆಟಗಾರರು ಬರಲೇ ಇಲ್ಲವಂತೆ, ಆಟ ನೋಡಲು ಬಂದವರನ್ನೇ ಹಿಡಿದು ಇಳಿಸಿದರಂತೆ. ಆ ಇಬ್ಬರು ಯಾಕೆ ಬರಲಿಲ್ಲ ಎಂಬ ಬಗ್ಗೆ ಕುಮ್ ಹೆಲಿಗ್‌ನ ಕ್ಲಬ್ಬಿನಲ್ಲಿ ಇವತ್ತಿಗೂ ಚರ್ಚೆ ನಡೆಯುತ್ತದೆ, ಸಿಕ್ಕರೆ ಕಾಲು ಮುರಿಯುವ ಹುಮ್ಮಸ್ಸಿನಲ್ಲಿ. ಅಂಥ ಊರಿನಲ್ಲಿ ಒಬ್ಬ ಐದು ನಿಮಿಷ ಮುಂಚೆ ಎದ್ದು ಹೋದ.

ನಿಜ ಏನೆಂದರೆ ಇಡ್ವಲ್ ಒಬ್ಬನೇ ಹೋಗಿರಲಿಲ್ಲ. ಜನಜಂಗುಳಿಯಲ್ಲಿ ಅವನ ಪಕ್ಕ ಇದ್ದವನು ಗ್ಲಾಸ್ಟರ್ ಕಡೆಯ ಒಬ್ಬ ದಪ್ಪ ಇಂಗ್ಲಿಷಿನವ. ಎದೆಗೆ ಇಂಗ್ಲೆಂಡ್ ತಂಡದ ಕೆಂಪು ಗುಲಾಬಿ ಚುಚ್ಚಿಕೊಂಡು ಬೆಳಗಿನಿಂದ ಕೆಣಕುತ್ತಲೇ ಇದ್ದ. ಐದು ನಿಮಿಷ ಉಳಿದಾಗ ಆ ಮನುಷ್ಯನ ಮುಖ ಬೂದಿಯಾಯಿತು, ಎದೆ ಹಿಡಿದುಕೊಂಡು ಬಗ್ಗಿದ. ಸುತ್ತ ಐವತ್ತು ಸಾವಿರ ಜನರ ಕಣ್ಣೆಲ್ಲ ಚೆಂಡಿನ ಮೇಲೆ. ಇಡ್ವಲ್ ಒಮ್ಮೆ ಮೈದಾನ ನೋಡಿದ, ಒಮ್ಮೆ ಅವನನ್ನು ನೋಡಿದ, ತನ್ನ ಬಾಯಲ್ಲಿ ಬರಬಾರದ ಒಂದು ಮಾತು ಆಡಿದ, ಕೋಟು ಬಿಚ್ಚಿ ಅವನಿಗೆ ಹೊದಿಸಿ, ಹೆಗಲು ಕೊಟ್ಟು ಹೊರಗೆ ನಡೆಸಿದ. ಆಂಬುಲೆನ್ಸಿನ ಬಾಗಿಲು ಮುಚ್ಚುವ ಹೊತ್ತಿಗೆ ಬೆನ್ನ ಹಿಂದೆ ಆಕಾಶ ಹರಿದು ಬಿದ್ದ ಹಾಗೆ ಕೂಗೆದ್ದಿತು. ಜೀವಮಾನದಲ್ಲಿ ಒಮ್ಮೆ ಕೇಳುವ ಕೂಗು ಅದು. ಇಡ್ವಲ್ ಅದನ್ನು ಗೋಡೆಯ ಈಚೆ ನಿಂತು ಕೇಳಿದ.

ಮೇಲಿನ ಮೆಟ್ಟಿಲಲ್ಲಿದ್ದ ಹೇಡನ್‌ಗೆ ಕಂಡಿದ್ದು ಇಡ್ವಲ್‌ನ ಟೋಪಿ ಬಾಗಿಲ ಕಡೆ ಹೋದದ್ದು ಮಾತ್ರ. ವಾಪಸು ಬರುವ ಬಸ್ಸಿನಲ್ಲಿ ಅವನೇ ಶುರುಮಾಡಿದ.

"ಲೋ, ಐದ್ ನಿಮಿಷ ತಡ್ಕೊಳಕ್ಕಾಗ್ಲಿಲ್ವೇನೋ ನಿಂಗೆ? ಬಸ್ಸಲ್ಲಿ ಕಿಟಕಿ ಪಕ್ಕ ಸೀಟ್ ಬೇಕಿತ್ತಾ?"

ಇಡ್ವಲ್ ನಿಜ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಹೇಡನ್ ಬಸ್ಸಿಗೆಲ್ಲ ಕೇಳುವಂತೆ ಹೇಳಿದ, "ಹೋಗ್ಲಿ ಬಿಡ್ರಪ್ಪಾ, ಹೇಡಿ ಆದ್ರೂ ನಮ್ಮೋನೇ. ಇಂಗ್ಲಿಷ್‌ನೋನಿಗೆ ನೀರು ಕೊಡೋವಷ್ಟು ಕೆಟ್ಟೋನೇನಲ್ಲ!"

ಇಡ್ವಲ್ ಬಾಯಿ ಮುಚ್ಚಿಕೊಂಡ. ಬಾಯಿ ಬಿಟ್ಟರೆ ಬಣ್ಣಗೇಡು. "ಹೊಟ್ಟೆ ಕೆಟ್ಟಿತ್ತು" ಎಂದ. ಹೆಂಡತಿ ಕೈನ್ವೆನ್ ಒಬ್ಬಳಿಗೆ ಮಾತ್ರ, ದೀಪ ಆರಿಸಿದ ಮೇಲೆ, ನಡೆದದ್ದು ಹೇಳಿದ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರದು ಎನ್ನುತ್ತಾರಲ್ಲ, ಇಡ್ವಲ್ ಆನೆಗಳ ಹಿಂಡನ್ನೇ ಕೊಟ್ಟ. ಅಂದಿನಿಂದ ಯಾವ ಆಟ, ಯಾವ ಹಾಡಿನ ಸಭೆ, ಯಾವ ಮಣ್ಣಿನಿಂದಲೂ ಅವನು ಮುಂಚೆ ಎದ್ದವನಲ್ಲ. ಕುರ್ಚಿ ಮಡಚುವವರು ಬಂದು 'ಸ್ವಲ್ಪ ಏಳಿ' ಎನ್ನುವ ತನಕ ಕೂತಿರುತ್ತಿದ್ದ. ಎಂಬತ್ನಾಲ್ಕರ ಗಣಿ ಕೆಲಸಗಾರರ ಮುಷ್ಕರದಲ್ಲಿ ಇಡೀ ವರ್ಷ ಗಣಿಯ ಬಾಗಿಲಲ್ಲಿ ಬೆಳಗಾಗುವ ಮುಂಚೆ ಬಂದು, ಎಲ್ಲರೂ ಹೋದ ಮೇಲೆ ಮನೆಗೆ ಹೋಗುತ್ತಿದ್ದ. ಬೆಂಕಿಗೆ ಕೈ ಚಾಚಿ ಕೂತವರು, "ಏನ್ ಐದ್ನಿಮಿಷ, ಇನ್ನೂ ಇದೀಯಾ? ಗಡಿಯಾರ ನಿಂತೋಯ್ತಾ?" ಎನ್ನುತ್ತಿದ್ದರು. ಚಾಪೆಲ್ಲಿನಲ್ಲಿ ಅವನು ಪ್ರಾರ್ಥನೆಗೆ ಎದ್ದು ನಿಂತರೆ ಹಿರಿಯರು ಕೈಗಡಿಯಾರ ನೋಡಿಕೊಳ್ಳುತ್ತಿದ್ದರು. ಮಗಳು ನೆರಿಸ್ ಅಳುತ್ತ ಶಾಲೆಯಿಂದ ಬಂದ ದಿನ ಅವನಿಗೆ ಅನ್ನ ನೀರು ಸೇರಲಿಲ್ಲ. ಅವಳನ್ನು ಅಲ್ಲಿ ಎರಡೂವರೆ ನಿಮಿಷ ಎಂದು ಕರೆದಿದ್ದರು.

ಎಪ್ಪತ್ತಾರು ತುಂಬಿದಾಗ ಇಡ್ವಲ್ ಕಲ್ಲು ಕೆತ್ತುವ ಗೆಥಿನ್‌ನ ಅಂಗಳಕ್ಕೆ ಹೋದ. ತನ್ನ ಗೋರಿಯ ಕಲ್ಲನ್ನು ತಾನೇ ಆರಿಸಿ, ಮೇಲೆ ಇಡ್ವಲ್ ಪ್ರಿಚರ್ಡ್ ಎಂದಷ್ಟೇ ಕೆತ್ತಬೇಕೆಂದ. ಬದುಕಿರುವಾಗ ಸಿಗದ ಹೆಸರು ಸತ್ತ ಮೇಲಾದರೂ ಸಿಗಲಿ ಎಂಬುದೊಂದೇ ಅವನ ಆಸೆ.

ಗೆಥಿನ್ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡ. "ತಾತ, ಆ ಗುಡ್ಡದ ಮೇಲೆ ಆಗ್ಲೇ ಮೂರ್ ಜನ ಇಡ್ವಲ್ ಪ್ರಿಚರ್ಡ್ ಮಲಗವ್ರೆ. ಹೂವು ತಂದೋರು ಯಾರ್ ಮೇಲ್ ಇಡ್ಬೇಕು? ಐದು ನಿಮಿಷ ಅಂತ ಹಾಕ್ದೆ ನನ್ ಕೈಲಾಗಲ್ಲ."

"ನನ್ ಕಲ್ಲು, ನನ್ ಹೆಸ್ರು."

"ಹೆಸ್ರು ಊರಿಂದು ತಾತ. ಕ್ಲಬ್ಬಲ್ಲಿ ಕೇಳ್ಕೊಂಡ್ ಬನ್ನಿ."

ಹೀಗೆ ಮಾರ್ಚ್ ತಿಂಗಳ ಒಂದು ಶನಿವಾರ, ಇಂಗ್ಲೆಂಡ್ ಆಟ ಟಿ.ವಿ.ಯಲ್ಲಿ ಶುರುವಾಗುವ ಒಂದು ಗಂಟೆ ಮುಂಚೆ, ಕ್ಲಬ್ಬಿನಲ್ಲಿ ಸಭೆ ಸೇರಿತು. ಅಧ್ಯಕ್ಷ ಬೇರಾರೂ ಅಲ್ಲ, ಹಲ್ಲು ಹೇಡನ್. ಈಗ ಅವನಿಗೂ ಎಪ್ಪತ್ತೆಂಟು, ಹಲ್ಲು ಮೂರನೆಯ ಜೊತೆ.

"ಮನವಿ ಬಂದಿದೆ," ಎಂದ ಹೇಡನ್. "ಐದು ನಿಮಿಷಕ್ಕೆ ಐದು ನಿಮಿಷ ಬೇಡ್ವಂತೆ. ಕಾರಣ ಹೇಳಪ್ಪಾ."

"ಕಾರಣ ಇಲ್ಲ," ಎಂದ ಇಡ್ವಲ್, ಬೂಟು ನೋಡುತ್ತ. "ವಯಸ್ಸಾಯ್ತು, ಬಿಟ್ಬಿಡ್ರಿ."

"ಕಾರಣ ಇಲ್ದೆ ತೆಗೆಯೋಕಾಗತ್ತಾ? ಹಂಗಾದ್ರೆ ನನ್ ಹಲ್ಲೂ ತೆಗೀರಿ!"

ಎಲ್ಲರೂ ನಕ್ಕರು. ಕೈನ್ವೆನ್ ನಗಲಿಲ್ಲ. ನಲವತ್ತು ವರ್ಷಕ್ಕೂ ಮಿಕ್ಕಿ ತಡೆದುಕೊಂಡಿದ್ದ ಹೆಂಗಸು ಅವಳು, ಗಂಡನ ಕೈ ಕೊಡವಿ ಎದ್ದಳು. ಚೀಲದಿಂದ ಬಿಸ್ಕತ್ತಿನ ಡಬ್ಬಿಯೊಂದನ್ನು ತೆಗೆದು ಮೇಜಿನ ಮೇಲೆ ಕುಕ್ಕಿದಳು.

"ಕಾರಣ ನಾನ್ ಹೇಳ್ತೀನಿ, ಬಾಯ್ ಮುಚ್ಕೊಂಡ್ ಕೇಳ್ರೋ! ನನ್ ಗಂಡ ಹೆದರ್ಕೊಂಡ್ ಎದ್ದು ಬರ್ಲಿಲ್ಲ. ಎದೆ ನೋವು ಬಂದಿದ್ದ ಒಬ್ಬ ಇಂಗ್ಲಿಷ್‌ನೋನನ್ನ ಹೊತ್ಕೊಂಡ್ ಹೋಗಿ ಜೀವ ಉಳ್ಸಿದ್ದು. ಆ ಥಾರ್ಲಿ ಅನ್ನೋ ಮನುಷ್ಯ ಪ್ರತಿ ಕ್ರಿಸ್ಮಸ್‌ಗೂ ಕಾರ್ಡ್ ಕಳಿಸ್ದ. ಇಗೋ, ಓದ್ಕೊಳ್ರಿ!"

ಹಿಂದಿನ ಸಾಲಿನಿಂದ ಹಿಟ್ಟು ಎವಾನ್ಸ್‌ನ ದನಿ ಬಂತು, "ಇಂಗ್ಲಿಷ್‌ನೋನನ್ನಾ?"

ಹೇಡನ್ ಕನ್ನಡಕ ಹಾಕಿಕೊಂಡು ಕಾರ್ಡುಗಳನ್ನು ಓದತೊಡಗಿದ. ಎರಡು ದೇಶಗಳ ಜಗಳದ ಚರಿತ್ರೆಯೇ ಆ ಡಬ್ಬಿಯಲ್ಲಿತ್ತು. ಮೊದಮೊದಲ ವರ್ಷ ನಮ್ಮವರು ಗೆಲ್ಲುತ್ತಲೇ ಇದ್ದುದರಿಂದ ಥಾರ್ಲಿಯ ಕಾರ್ಡುಗಳು ಬಾಲ ಮುದುರಿಕೊಂಡಿದ್ದವು: 'ಮತ್ತೆ ಸೋತೆವು. ಹೃದಯ ಇನ್ನೂ ಬಡಿಯುತ್ತಿದೆ, ನಿಮ್ಮವರ ಕೃಪೆಯಿಂದಲ್ಲ, ನಿಮ್ಮ ಕೃಪೆಯಿಂದ.' ತೊಂಬತ್ತರ ದಶಕದಲ್ಲಿ ಇಂಗ್ಲೆಂಡ್ ಗೆಲ್ಲತೊಡಗಿದಾಗ ಆಸಾಮಿಗೆ ಕೊಬ್ಬು ಏರಿತು: 'ವೇಲ್ಸಿನಲ್ಲಿ ಈಗಲೂ ರಗ್ಬಿ ಆಡುತ್ತಾರೆಯೇ? ಸುಮ್ಮನೆ ಕೇಳಿದೆ.' ಸಭೆ ಹಲ್ಲು ಕಡಿಯಿತು, ಹಲ್ಲು ಇದ್ದವರು ಮಾತ್ರ. ಎರಡು ಸಾವಿರದ ಹದಿಮೂರರ ಕಾರ್ಡಿನಲ್ಲಿ ಇದ್ದದ್ದು ಎರಡೇ ಸಾಲು: 'ನೀವು ಮೂವತ್ತು, ನಾವು ಮೂರು. ಈ ವರ್ಷ ಕಾರ್ಡ್ ಕಳಿಸಬಾರದು ಎಂದುಕೊಂಡಿದ್ದೆ.' ಅದಕ್ಕೆ ಕ್ಲಬ್ಬಿನ ಛಾವಣಿ ಹಾರಿಹೋಗುವ ಹಾಗೆ ಜನ ಕೂಗಿದರು, ಯಾರೋ ಹಾಡಲೂ ಶುರು ಮಾಡಿದರು.

ಕೊನೆಯ ಕಾರ್ಡು ಬೇರೆ ಕೈಬರಹದಲ್ಲಿತ್ತು. ಥಾರ್ಲಿಯ ಮಗಳು ಬರೆದಿದ್ದಳು: ಅಪ್ಪ ಹೋದರು, ಕಾರ್ಡಿಫ್‌ನ ಆ ದಿನದ ನಂತರ ಅವರಿಗೆ ನಲವತ್ತೊಂದು ವರ್ಷ ಸಿಕ್ಕಿತು, ನಾನು ಹುಟ್ಟಿದ್ದೂ ಆ ವರ್ಷಗಳಲ್ಲೇ. ಹೇಡನ್ ಓದುತ್ತಿದ್ದವನು ನಿಲ್ಲಿಸಿದ. ಕನ್ನಡಕ ತೆಗೆದು ಒರೆಸಿದ, ಒರೆಸುವಂಥದ್ದು ಕನ್ನಡಕದಲ್ಲಿ ಏನೂ ಇರಲಿಲ್ಲ.

"ಅವತ್ತೇ ಹೇಳ್ಬಾರ್ದಿತ್ತೇನೋ ಮುಠ್ಠಾಳ?" ಎಂದ.

"ಬಸ್ಸಲ್ಲಿ ನೀನೇ ಅಂದ್ಯಲ್ಲ, ಇಂಗ್ಲಿಷ್‌ನೋನಿಗೆ ನೀರು ಕೊಡೋನು ಕೆಟ್ಟೋನು ಅಂತ."

ಹೇಡನ್‌ಗೆ ನೆನಪಿರಲಿಲ್ಲ. ಒಬ್ಬನ ಅರ್ಧ ಆಯಸ್ಸನ್ನು ನುಂಗಿದ ಮಾತು ಆಡಿದವನಿಗೆ ಮನೆ ತಲುಪುವಷ್ಟರಲ್ಲಿ ಮರೆತುಹೋಗಿರುತ್ತದೆ, ಪ್ರಪಂಚವೇ ಹೀಗೆ. ಅವನು ಗಂಟಲು ಸರಿಪಡಿಸಿಕೊಂಡು, ಐದು ನಿಮಿಷ ಎಂಬ ಹೆಸರನ್ನು ತೆಗೆಯುವವರು ಕೈ ಎತ್ತಿ ಎಂದ. ಎಲ್ಲ ಕೈ ಮೇಲೆ ಹೋದವು. ಇಡ್ವಲ್‌ನ ಕಣ್ಣು ತುಂಬಿತು. ಅಷ್ಟರಲ್ಲಿ ಹಿಟ್ಟು ಎವಾನ್ಸ್ ಕೂಗಿದ:

"ಅದ್ ಸರಿ! ಇನ್ಮೇಲೆ ಇಂಗ್ಲೆಂಡ್ ಇಡ್ವಲ್!"

ಕ್ಲಬ್ಬು ಬಿದ್ದು ಬಿದ್ದು ನಕ್ಕಿತು. ಅಂಥ ನಗು ಬಂದ ಹೆಸರು ಅಂಟಿಕೊಳ್ಳುತ್ತದೆ ಎಂದು ಇಡ್ವಲ್‌ಗಿಂತ ಚೆನ್ನಾಗಿ ಬಲ್ಲವರಿಲ್ಲ. ಬಾಣಲೆಯಿಂದ ಬೆಂಕಿಗೆ! ಗೆಥಿನ್ ಆಗಲೇ ಕಿವಿಯ ಪೆನ್ಸಿಲಿಗೆ ಕೈ ಹಾಕಿದ್ದ. ತನ್ನ ಗೋರಿಯ ಮೇಲೆ, ಅಪ್ಪ ಅಮ್ಮನ ಪಕ್ಕದಲ್ಲಿ, ಇಂಗ್ಲೆಂಡ್ ಎಂಬ ಪದ!

"ತೀರ್ಮಾನ ಆಟ ಮುಗಿದ್ಮೇಲೆ," ಎಂದು ಹೇಡನ್ ಮೇಜು ಕುಟ್ಟಿದ, ಏಕೆಂದರೆ ಟಿ.ವಿ.ಯಲ್ಲಿ ಆಟಗಾರರು ಹೊರಗೆ ಬರುತ್ತಿದ್ದರು.

ಆಟ ಕೆಟ್ಟದಾಗಿ ಹೋಯಿತು. ಐದು ನಿಮಿಷ ಉಳಿದಾಗ ವೇಲ್ಸ್ ಎರಡು ಅಂಕ ಹಿಂದೆ. ಆಗ ಒಬ್ಬೊಬ್ಬರಾಗಿ ತಲೆಗಳು ಟಿ.ವಿ.ಯಿಂದ ತಿರುಗಿ ಮೂಲೆಯ ಕುರ್ಚಿಯ ಕಡೆ ನೋಡತೊಡಗಿದವು.

"ಏನು?" ಎಂದ ಇಡ್ವಲ್.

"ಎರಡೇ ಅಂಕ," ಎಂದ ಎವಾನ್ಸ್. "ಐದೇ ನಿಮಿಷ. ಹೋದ್ಸಲ ನೀನು ಎದ್ ಹೋದಾಗ್ಲೇ ತಾನೇ..."

"ನಾನ್ ಎದ್ದೇಳಲ್ಲ! ಸತ್ರೂ ಏಳಲ್ಲ! ಅವತ್ತಿಂದ ಒಂದ್ ಆಟಾನೂ..."

"ಎದ್ದೇಳೋ ಮಾರಾಯ, ನಿನ್ ಕಾಲಿಗ್ ಬೀಳ್ತೀನಿ!"

ಇಡ್ವಲ್ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡ. ಆಗ ಹಲ್ಲು ಹೇಡನ್ ಕೋಲೂರಿ ಅವನ ಮುಂದೆ ಬಂದು ನಿಂತ. ತಲೆಯ ಮೇಲಿನ ಟೋಪಿ ತೆಗೆದ.

"ಶ್ರೀ ಇಡ್ವಲ್ ಪ್ರಿಚರ್ಡ್ ಅವ್ರೇ," ಎಂದ, "ಊರಿನ ಪರವಾಗಿ ಕೇಳ್ಕೋತಾ ಇದೀನಿ. ದಯವಿಟ್ಟು ಹೊರಗೆ ಹೋಗಿ."

ಆ ಹೆಸರನ್ನು ಊರಿನ ಬಾಯಲ್ಲಿ ಇಡ್ವಲ್ ಕೇಳಿ ಎಷ್ಟು ಕಾಲವಾಗಿತ್ತು! ಪೂರ್ತಿ ಹೆಸರು, ಒಂದು ಅಕ್ಷರ ಕೂಡ ನುಂಗದೆ. ಅವನು ನಿಧಾನವಾಗಿ ಎದ್ದ, ಕೋಟಿನ ಗುಂಡಿ ಹಾಕಿಕೊಂಡ, ಮದುವೆಯ ದಿನ ಚಾಪೆಲ್ಲಿನೊಳಗೆ ನಡೆದ ಹಾಗೆ ಸಾಲುಗಳ ನಡುವೆ ನಡೆದುಹೋದ. ಜನ ದಾರಿ ಬಿಟ್ಟರು. ಕೈನ್ವೆನ್ ಕೊಡೆ ತೆಗೆದುಕೊಂಡು ಹಿಂದೆಯೇ ಹೋದಳು.

ಹೊರಗೆ ಜಿನುಗು ಮಳೆ. ಇಬ್ಬರೂ ಮೋಟು ಗೋಡೆಯ ಮೇಲೆ ಕೂತರು. ಒಂದು ನಿಮಿಷ ಏನೂ ಇಲ್ಲ, ಎರಡು ನಿಮಿಷ ಏನೂ ಇಲ್ಲ. ಆಮೇಲೆ ಒಳಗಿನಿಂದ ಕೂಗೆದ್ದಿತು. ಕಾರ್ಡಿಫ್‌ನ ಗೋಡೆಯ ಈಚೆ ನಿಂತು ಕೇಳಿದ ಅದೇ ಕೂಗು. ಅವತ್ತು ಅದನ್ನು ಒಬ್ಬನೇ ಕೇಳಿದ್ದ.

"ಒಳಗ್ ಹೋಗಣ್ವಾ?" ಎಂದಳು ಕೈನ್ವೆನ್.

"ಸುಮ್ನಿರು, ಇನ್ನೂ ಎರಡ್ ನಿಮಿಷ ಐತೆ. ಈಗ ಹೋಗಿ ಎಲ್ಲಾ ಕೆಡಿಸ್ಲಾ?"

ಕೊನೆಯ ಶಿಳ್ಳೆ ಆದ ಮೇಲೆ ಗೆಥಿನ್ ಓಡಿ ಬಂದ, ಮುಖ ಮೈಯೆಲ್ಲ ಬಿಯರ್. "ಗೆದ್ವಿ ತಾತ! ಇಂಗ್ಲೆಂಡ್ ಹೆಸ್ರು ಬಿಟ್ಬಿಟ್ರು, ನಿಮ್ಗೆ ಏನ್ ಬೇಕೋ ಅದೇ ಕೆತ್ತು ಅಂದ್ರು ಹೇಡನ್. ಬರೀ ಇಡ್ವಲ್ ಪ್ರಿಚರ್ಡ್ ಅಂತ ಹಾಕ್ಲಾ?"

ಇಡ್ವಲ್ ಗೋಡೆಯಿಂದ ಎದ್ದ.

"ಬರೀ ಹಾಕಿದ್ರೆ ಯಾವ ಇಡ್ವಲ್ ಅಂತ ಗೊತ್ತಾಗಲ್ವಲ್ಲೋ," ಎಂದ. "ಐದು ನಿಮಿಷ ಅಂತ್ಲೇ ಹಾಕು. ಅಕ್ಷರ ಮಾತ್ರ ದೊಡ್ದಾಗಿರ್ಲಿ."