ಬ್ಯಾಟರಿ ಕತ್ತರಿಯ ಚಾತುರ್ಮಾಸ

ಗೋಕಾಕದ ನಮ್ಮ ಮನೆಯ ಮುಂದಿನ ಅಂಗಳ ಹದಿನೆಂಟು ಹೆಜ್ಜೆ ಉದ್ದ, ಹತ್ತು ಹೆಜ್ಜೆ ಅಗಲ. ಮೂರು ಕಡೆ ಮದರಂಗಿ ಬೇಲಿ, ನಡುವೆ ಒಂದಿಷ್ಟು ಹುಲ್ಲು, ನಲ್ಲಿಯ ಪಕ್ಕದಲ್ಲಿ ಒಂದು ಪಾರಿಜಾತ. ಮನೆ ನನ್ನ ಹೆಸರಿನಲ್ಲಿತ್ತು. ಅಂಗಳ ನನ್ನ ಹೆಂಡತಿಯದು.

ಬಸದಿಗೆ ಹೋಗಿ ಬಂದು, ಚಹಾ ಕುಡಿದು, ಅವಳು ಬೇಲಿಯ ಮುಂದೆ ನಿಲ್ಲುತ್ತಿದ್ದಳು. ಮೊದಲು ಬೇವಿನ ಕಡ್ಡಿಯಿಂದ ಬೇಲಿಯನ್ನು ಮೆಲ್ಲಗೆ ತಟ್ಟುವುದು. ಹುಳ, ಜೇಡ, ಚಿಟ್ಟೆ ಎಲ್ಲ ಸರಿದು ಹೋಗಲು ಸ್ವಲ್ಪ ಸಮಯ ಕೊಡುವುದು. ಆಮೇಲೆ ದೊಡ್ಡ ಕತ್ತರಿ ಎತ್ತಿಕೊಂಡು ಒಂದು ಮಾರು ಬೇಲಿ ಕತ್ತರಿಸುವುದು. ದಿನಕ್ಕೆ ಒಂದೇ ಮಾರು. ಮುಂದಿನ ಮಾರಿಗೆ ಮರುದಿನ ಮತ್ತೆ ಕಡ್ಡಿ, ಮತ್ತೆ ಕಾಯುವುದು. ನಾನು ಮೂವತ್ತು ವರ್ಷ ನೂಲಿನ ಗಿರಣಿಯಲ್ಲಿ ಭೋಂಗಾ ಎಂಬ ಸೈರನ್ನಿನ ಕೂಗಿಗೆ ಎದ್ದು, ಭೋಂಗಾದ ಕೂಗಿಗೆ ಮನೆಗೆ ಬಂದವನು. ಶಿಸ್ತು ಎಂದರೆ ಏನೆಂದು ನನಗೆ ಗೊತ್ತು. ಯಾರೂ ಕೂಗದೆ ಇಷ್ಟು ಶಿಸ್ತಾಗಿ ನಡೆಯುವ ಕೆಲಸವನ್ನು ನಾನು ಗಿರಣಿಯಲ್ಲಿಯೂ ನೋಡಿರಲಿಲ್ಲ.

ನಾನು ನಿವೃತ್ತನಾಗಿ ಎರಡು ವರ್ಷವಾಗಿತ್ತು. ಒಂದು ಸಂಕ್ರಾಂತಿಯ ಮರುದಿನ ಅವಳು ನಲ್ಲಿಯ ಬಳಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಪ್ಲಾಸ್ಟರ್ ಬಿಚ್ಚಿದ ಮೇಲೆ ನೋವು ಹೋಯಿತು. ಬಿಗಿ ಹಿಡಿತ ಮಾತ್ರ ತಿರುಗಿ ಬರಲಿಲ್ಲ. ತಟ್ಟೆ ಹಿಡಿಯಬಲ್ಲಳು, ರೊಟ್ಟಿ ತಟ್ಟಬಲ್ಲಳು, ಆದರೆ ಕತ್ತರಿಯ ಎರಡು ಹಿಡಿಗಳನ್ನು ಒತ್ತಿ ಕೂಡಿಸಲಾರಳು. ಮೂರು ದಿನ ಪ್ರಯತ್ನ ಮಾಡಿದಳು. ನಾಲ್ಕನೆಯ ದಿನ ಕತ್ತರಿಯನ್ನು ಗೋಡೆಯ ಮೊಳೆಗೆ ತೂಗುಹಾಕಿದಳು.

“ನಾ ಕತ್ತರಸ್ತೇನಿ. ಅರ್ಧಾ ತಾಸಿನ ಕೆಲಸ,” ಎಂದೆ.

“ಅದಕ್ಕ ಬ್ಯಾಡ ಅಂತೇನಿ. ನಿಮಗ ಮುಗಸೂದು ಬೇಕು, ನನಗ ಮಾಡೂದು ಬೇಕು.”

“ಆಳಿಗೆ ಹೇಳೂಣು?”

“ಹೋದ ಸಲ ಆಳು ಪಿಕಳಾರದ ಗೂಡು ತತ್ತಿ ಸಮೇತ ಕೆಡವಿದ್ದು ಮರತೀರೇನು? ನನ್ನ ಕೈಲೆ ಆಗಲಿಲ್ಲಂದ್ರ ಎಲ್ಲಾ ಕಿತ್ತ ಹಾಕಿ ಫರಸಿ ಕಲ್ಲ ಹಾಕಸ್ರಿ. ಕಸಾ ಹೊಡೀಲಿಕ್ಕೂ ಚಲೋ.”

ಅವಳು ಸಿಟ್ಟಿನಿಂದ ಹೇಳಿದ್ದರೆ ನಾನು ಸುಮ್ಮನಿರುತ್ತಿದ್ದೆ. ಸಮಾಧಾನವಾಗಿ ಹೇಳಿದಳು. ಅವಳು ಸಮಾಧಾನವಾಗಿ ಹೇಳಿದ ಮಾತು ನಡೆಯದೆ ಇದ್ದದ್ದು ನಮ್ಮ ಮನೆಯಲ್ಲಿ ಇಲ್ಲ. ಅಂಗಳವನ್ನು ಉಳಿಸಬೇಕಾದರೆ ಅವಳ ಕೈಗೆ ಒಗ್ಗುವ ಯಂತ್ರ ಹುಡುಕಬೇಕು ಎಂದು ನಾನು ಆಗಲೇ ನಿಶ್ಚಯಿಸಿದೆ.

ಗೋಕಾಕದ ಪೇಟೆಯಲ್ಲಿ ಎರಡು ಬಗೆ ಸಿಕ್ಕವು. ಒಂದು ಪೆಟ್ರೋಲಿನದು. ಅಂಗಡಿಯವನು ಅದನ್ನು ಚಾಲು ಮಾಡಿದಾಗ ಬೀದಿಯ ನಾಯಿ ಎದ್ದು ಓಡಿತು. “ಇದರ ಮುಂದ ಹುಳಾ ಎಲ್ಲಿ ಓಡಬೇಕ್ರಿ?” ಎಂದು ಅವಳು ಅಂಗಡಿಯ ಮೆಟ್ಟಿಲು ಇಳಿದೇ ಬಿಟ್ಟಳು. ಇನ್ನೊಂದು ವಾಯರಿನದು, ಗೋಡೆಯ ಪ್ಲಗ್ಗಿಗೆ ಹಚ್ಚುವಂಥದ್ದು. ಹಸಿ ಹುಲ್ಲಿನ ಮೇಲೆ ಕರೆಂಟಿನ ವಾಯರ್ ಎಳೆದಾಡುವುದು ನನಗೆ ಒಪ್ಪಿಗೆಯಾಗಲಿಲ್ಲ. ಮೇಲಾಗಿ ಆಗ ಬೆಳಗಿನ ಹೊತ್ತು ಕರೆಂಟು ಇರುತ್ತದೆಂದು ಯಾರೂ ನಂಬುವಂತಿರಲಿಲ್ಲ. ಬ್ಯಾಟರಿಯದೇ ಬೇಕು, ಹಗುರ ಇರಬೇಕು, ನನ್ನ ಪಿಂಚಣಿಗೆ ಭಾರವಾಗಬಾರದು. ಹಾಗಾಗಿ ಯುಗಾದಿ ಮುಗಿಸಿ ಹುಕ್ಕೇರಿಯ ಬಸ್ಸು ಹತ್ತಿದೆವು. ಅಲ್ಲಿ ಪಂಪು, ಔಷಧ ಹೊಡೆಯುವ ಯಂತ್ರ ಮಾರುವ ನಮ್ಮವರೇ ಒಬ್ಬರ ಅಂಗಡಿಯಿತ್ತು. ಕೊಲ್ಲಾಪುರದಿಂದ ಹೊಸ ಸಾಮಾನು ತರಿಸುತ್ತಾರೆಂದು ಕೇಳಿದ್ದೆ.

“ಜಯ ಜಿನೇಂದ್ರ, ಬರ್ರಿ ಅಣ್ಣಾರ, ಬರ್ರಿ ವೈನಿ,” ಎಂದು ಅಂಗಡಿಯವರು ಎದ್ದು ಕುರ್ಚಿ ಸರಿಸಿದರು. ಒಳಗಿದ್ದ ಹೆಂಡತಿಗೆ ಮರಾಠಿಯಲ್ಲಿ ಚಹಾ ಹೇಳಿ, ನಮ್ಮ ಮುಂದೆ ಎರಡು ಬ್ಯಾಟರಿ ಕತ್ತರಿ ಇಟ್ಟರು. ಎರಡಕ್ಕೂ ಮುಂದೆ ಬಾಚಣಿಗೆಯಂಥ ಹಲ್ಲು; ಗುಂಡಿ ಒತ್ತಿದರೆ ಹಲ್ಲುಗಳು ಒಂದರ ಮೇಲೊಂದು ಸರಿದಾಡಿ ಚಿಗುರು ಕತ್ತರಿಸುತ್ತವೆ. ಒಂದು ದೊಡ್ಡದು, ಹಿಂದೆ ಇಟ್ಟಿಗೆಯಂಥ ಬ್ಯಾಟರಿ. ಇನ್ನೊಂದು ಸಣ್ಣದು, ಅಗ್ಗದ್ದು. ಬ್ಯಾಟರಿ ಹಿಡಿಯೊಳಗೇ ಇತ್ತು.

“ವೈನಿ, ದೊಡ್ಡದು ತಗೋರಿ. ಶಕ್ತಿ ಭಾಳ ಐತಿ.”

“ಶಕ್ತಿ ಅದಕ್ಕಿದ್ದು ಏನ ಮಾಡೂದ್ರಿ? ಹಿಡಿಯೂದು ನಾನು.”

ದೊಡ್ಡದನ್ನು ಬಲಗೈಯಲ್ಲಿ ಹಿಡಿದು, ತೋಳು ಮುಂದೆ ಚಾಚಿ, ಕಣ್ಣು ಮುಚ್ಚಿದಳು. ತುಟಿ ಅಲುಗುತ್ತಿತ್ತು. ಅಂಗಡಿಯವರು ನನ್ನ ಮುಖ ನೋಡಿದರು. ನನಗೆ ತಿಳಿಯಿತು: ಣಮೋಕಾರ ಮಂತ್ರವನ್ನು ಒಂಬತ್ತು ಸಲ ಹೇಳುತ್ತಿದ್ದಾಳೆ. ನಾವು ದಿನಾ ಬಸದಿಯಲ್ಲಿ ನಿಂತು ಹೇಳುವ ಲೆಕ್ಕ ಅದು. ಒಂದು ಮಾರು ಬೇಲಿಯ ಮೇಲಂಚು ಕತ್ತರಿಸಲು ಅವಳಿಗೆ ಹಿಡಿಯುವ ಸಮಯವೂ ಅಷ್ಟೇ. ಐದನೆಯದಕ್ಕೆ ತೋಳು ನಡುಗಿತು; ಯಂತ್ರ ಕೆಳಗಿಟ್ಟಳು. ಸಣ್ಣದನ್ನು ಎತ್ತಿದಳು. ಏಳು, ಎಂಟು, ಒಂಬತ್ತು. ಕೊನೆಗೆ ಕೈ ಸ್ವಲ್ಪ ಇಳಿಯಿತು, ಆದರೆ ನಡುಗಲಿಲ್ಲ.

“ಇದ ಇರಲಿ,” ಎಂದಳು.

ಗಿರಣಿಗೆ ಯಂತ್ರ ಕೊಳ್ಳುವಾಗ ಎಂಜಿನಿಯರುಗಳು ಮಾಡುತ್ತಿದ್ದ ಪರೀಕ್ಷೆಗಳನ್ನು ನಾನು ನೋಡಿದ್ದೇನೆ. ಇದರಷ್ಟು ನೇರವಾದದ್ದನ್ನು ನೋಡಿಲ್ಲ. ಅಂಗಡಿಯವರೂ ಮೆಚ್ಚಿದರು. “ಇನ್ನ ಮ್ಯಾಲೆ ಗಿರಾಕಿಗೆ ಹಿಂಗ ಹೇಳ್ತೇನ್ರಿ ವೈನಿ,” ಎಂದು ನಕ್ಕು, ಬ್ಯಾಟರಿಗೆ ಒಂದು ವರ್ಷದ ಗ್ಯಾರಂಟಿ ಚೀಟಿ ಬರೆಯಲು ಹೋಗಿ, ಪೆನ್ನು ತಡೆದು, “ಇದಕ್ಕೊಂದು ಗ್ಯಾರಂಟಿ ಇಲ್ರಿ,” ಎಂದು ಖರೆ ಹೇಳಿದರು.

ಆ ಬೇಸಿಗೆ ಸುಖದಿಂದ ಹೋಯಿತು. ಬೇವಿನ ಕಡ್ಡಿ, ಕಾಯುವುದು, ಆಮೇಲೆ ಸಣ್ಣಗೆ ಗುಂಯ್ ಎನ್ನುವ ಸದ್ದು. ದಿನಕ್ಕೆ ಒಂದು ಮಾರು. ಮುಗಿದ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಯಂತ್ರದ ಹಲ್ಲು ತಿಕ್ಕಿ, ಒಂದು ಹನಿ ಎಣ್ಣೆ ಬಿಟ್ಟು ಇಡುತ್ತಿದ್ದಳು. ಚಾರ್ಜ್ ಮಾಡುವ ಕೆಲಸ ನನ್ನದು. ಅವಳು, “ಸೋತು ನಿಂತಿತು,” ಎಂದು ತಂದು ಕೊಟ್ಟಾಗ ಹಚ್ಚುತ್ತಿದ್ದೆ.

ಆಷಾಢದ ಹುಣ್ಣಿಮೆ ಬಂತು. ಅಲ್ಲಿಂದ ದೀಪಾವಳಿಯವರೆಗೆ ಚಾತುರ್ಮಾಸ. ಮಳೆಗಾಲದಲ್ಲಿ ಜೀವ ಹೆಚ್ಚು. ಆ ನಾಲ್ಕು ತಿಂಗಳು ನನ್ನ ಹೆಂಡತಿ ಹಸಿರು ಕೊಯ್ಯುವುದಿಲ್ಲ, ಮಣ್ಣು ಕೆದರುವುದಿಲ್ಲ, ಸೊಪ್ಪು ತಿನ್ನುವುದಿಲ್ಲ. ಮದುವೆಯಾದಾಗಿನಿಂದ ನಡೆಸಿಕೊಂಡು ಬಂದ ವ್ರತ. ಕತ್ತರಿಯನ್ನು ಒರೆಸಿ, ಬಟ್ಟೆ ಸುತ್ತಿ ನನ್ನ ಕೈಗೆ ಕೊಟ್ಟಳು.

ಇಲ್ಲಿ ನಾನು ತಪ್ಪು ಮಾಡಿದೆ. ಗಿರಣಿಯಲ್ಲಿ ನಾವು ಕಲಿತದ್ದು, ನಿಂತ ಯಂತ್ರಕ್ಕೂ ದಿನಾ ಎಣ್ಣೆ ತೋರಿಸಬೇಕು, ಬಿಟ್ಟರೆ ಅದು ಕೆಡುತ್ತದೆ ಎಂದು. ಹಾಗಾಗಿ ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಕತ್ತರಿಯನ್ನು ಚಾರ್ಜಿಗೆ ಹಚ್ಚುತ್ತಿದ್ದೆ. ಆರಕ್ಕೆ ತೆಗೆಯುತ್ತಿದ್ದೆ. ಬೆಳಿಗ್ಗೆ ಕರೆಂಟು ಇಲ್ಲದಿದ್ದರೆ ಬಂದಾಗ. ಒಂದು ದಿನವೂ ತಪ್ಪಿಸಲಿಲ್ಲ. ಹಿಡಿ ಬಿಸಿಯಾಗುತ್ತಿತ್ತು, ಚೆನ್ನಾಗಿ ತುಂಬುತ್ತಿದೆ ಎಂದುಕೊಂಡೆ.

ದೀಪಾವಳಿ ಮುಗಿದು ಎರಡು ದಿನಕ್ಕೆ ಅವಳು ಬೇಲಿಯ ಮುಂದೆ ನಿಂತಳು. ಮಳೆ ಕುಡಿದ ಮದರಂಗಿ ಅವಳ ಹೆಗಲು ಮುಟ್ಟಿತ್ತು. ತಟ್ಟಿದಳು, ಕಾದಳು, ಗುಂಡಿ ಒತ್ತಿದಳು. ಯಂತ್ರ ಎರಡು ಮೊಳ ಕತ್ತರಿಸಿ ನಿಂತಿತು. ಇಡೀ ಹಗಲು ಚಾರ್ಜ್ ಮಾಡಿದೆ. ಮರುದಿನ ಒಂದು ಮೊಳಕ್ಕೆ ನಿಂತಿತು. ಮೂರನೆಯ ದಿನ ಹಲ್ಲು ಒಮ್ಮೆ ಅಲುಗಿತು, ಅಷ್ಟೇ.

ಅವಳು ಫರಸಿಗೆ ಹೇಳಿ ಕಳಿಸಿದಳು. ಆ ವಾರವೇ ಫರಸಿಯ ಗಾಡಿ ಬಂತು. ಕಲ್ಲುಗಳನ್ನು ಇಳಿಸಿ ಕಂಪೌಂಡ್ ಗೋಡೆಗೆ ಸಾಲಾಗಿ ಆನಿಸಿ ಹೋದರು. ಅವನ್ನು ಹಾಸುವ ಗವಂಡಿ ಮುಂದಿನ ಸೋಮವಾರ ಬರುವವನಿದ್ದ.

ನನಗೆ ಆರು ದಿನವಿತ್ತು. ಹುಕ್ಕೇರಿಯವರಿಗೆ ಫೋನ್ ಮಾಡಿದೆ. ಆ ಬ್ಯಾಟರಿ ಬೇರೆಯಾಗಿ ಸಿಗುವುದಿಲ್ಲ ಎಂದರು. “ಮೂಡಲಗಿಯೊಳಗ ಮೋಟರ್ ಕಟ್ಟಾವ ಒಬ್ಬ ಅದಾನ್ರಿ ಅಣ್ಣಾರ. ಅವಗ ತೋರಸ್ರಿ,” ಎಂದೂ ಹೇಳಿದರು. ಕಲ್ಲೋಳಿ, ನಾಗನೂರ ದಾಟಿ ಮೂಡಲಗಿಗೆ ಇಳಿದಾಗ ಹತ್ತು ಗಂಟೆ. ಬೋರ್‌ವೆಲ್ ಮೋಟರುಗಳಿಗೆ ತಾಮ್ರದ ತಂತಿ ಸುತ್ತುವ ಅಂಗಡಿ. ಹಣೆಗೆ ಮೂರು ಬೆರಳು ವಿಭೂತಿ, ಸುಮಾರು ನಲವತ್ತರ ಮನುಷ್ಯ. ಸುತ್ತಿಗೆಯಿಂದ ಇಕ್ಕಳದವರೆಗೆ ಪ್ರತಿ ಉಪಕರಣದ ಆಕಾರವನ್ನು ಗೋಡೆಯ ಮೇಲೆ ಬಣ್ಣದಿಂದ ಬರೆದು, ಆಯಾ ಆಕಾರದ ಮೇಲೆಯೇ ಅದನ್ನು ತೂಗುಹಾಕಿದ್ದ. ಆ ಗೋಡೆ ನೋಡಿಯೇ ನನಗೆ ಅರ್ಧ ನಂಬಿಕೆ ಬಂತು.

ಹಿಡಿ ಬಿಚ್ಚಿದ. ಒಳಗೆ ಆರು ಸಣ್ಣ ಸೆಲ್ಲು. ಎರಡರ ತಲೆಯ ಮೇಲೆ ಬಿಳಿ ಪುಡಿ.

“ಕಾಕಾರ, ಇದನ್ನ ಎಷ್ಟ ದಿನ ಬಳಸೀರಿ?”

“ನಾಲ್ಕ ತಿಂಗಳಿಂದ ಬಳಸೇ ಇಲ್ಲ. ಚಾತುರ್ಮಾಸ ಇತ್ತು. ಆದ್ರ ದಿನಾ ಒಂದ ತಾಸು ತಪ್ಪದ ಚಾರ್ಜ್ ಮಾಡೇನಿ.”

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. “ಹೊಟ್ಟಿ ತುಂಬಿದವನ ಬಾಯಾಗ ದಿನಾ ಹೋಳಗಿ ತುರಕೀರಲ್ರಿ! ಈ ಜಾತಿ ಸೆಲ್ಲಿಗೆ ಹಸದಾಗ ಅಷ್ಟ ಹಾಕಬೇಕ್ರಿ. ಸುಮ್ನ ಬಿಟ್ಟಿದ್ರ ಬದಕತಿತ್ತು.”

ಮೂವತ್ತು ವರ್ಷದ ನೌಕರಿಯಲ್ಲಿ ನನ್ನ ಕೈಯಿಂದ ಒಂದು ಯಂತ್ರವೂ ಕೆಟ್ಟಿರಲಿಲ್ಲ. ಅವನು ಮಾತು ಬೆಳೆಸಲಿಲ್ಲ. ಯಂತ್ರವನ್ನು ತೂಗಿ ನೋಡಿ, “ಇದನ್ನ ಹಿಡಿಯೂ ಕೈ ನಿಮ್ದೇನು?” ಎಂದ.

“ಅಲ್ಲ, ನಮ್ಮ ಮನಿಯವರ್ದು.”

“ಹಂಗಾರ ಅವರನ್ನ ಕರಕೊಂಡ ಬರ್ರಿ. ಕೈ ನೋಡದ ನಾ ಏನೂ ಮಾಡಾಂಗಿಲ್ಲ.”

ಮನೆಗೆ ಬಂದು ಹೇಳಿದೆ. ನನ್ನ ತಪ್ಪನ್ನೂ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತಿದಳು. “ನಾಲ್ಕ ತಿಂಗಳು ವ್ರತಾ ಹಿಡದಾಕಿ ನಾನು. ಅದಕ್ಕ ದಿನಾ ಊಟಾ ಹಾಕಿ ಕೊಂದವರು ನೀವು!” ಎಂದಳು. ಬಿದ್ದು ಕೈ ಮುರಿದ ಮೇಲೆ ಅವಳು ಅಷ್ಟು ಜೋರಾಗಿ ನಕ್ಕದ್ದು ಅದೇ ಮೊದಲು. ಮರುದಿನ ಏಳರ ಬಸ್ಸಿಗೆ ನನಗಿಂತ ಮೊದಲು ಚಪ್ಪಲಿ ಮೆಟ್ಟಿ ನಿಂತಿದ್ದಳು.

ಮೂಡಲಗಿಯವನು ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಎರಡು ಉಂಡೆ ಹಸಿ ಮಣ್ಣು ಕೊಟ್ಟು, “ಕಾಕೂ, ಇದನ್ನ ಹಿಚಕ್ರಿ,” ಎಂದ. ಬಲಗೈಯಲ್ಲಿ ಹಿಚುಕಿದಳು. ಎಡಗೈಯಲ್ಲಿ ಹಿಚುಕಿದಳು. ಎರಡೂ ಉಂಡೆಗಳನ್ನು ಬೆಳಕಿಗೆ ಹಿಡಿದು ಬೆರಳಿನ ಗುರುತು ನೋಡಿದ. ಬಲಗೈಯ ಉಂಡೆಯ ಮೇಲೆ ಹೆಬ್ಬೆರಳಿನ ಗುರುತು ಬಿದ್ದೇ ಇರಲಿಲ್ಲ.

“ಗುಂಡಿ ಒತ್ತೂ ಕೆಲಸ ಎಡಗೈಗೆ ಕೊಡೂಣ್ರಿ. ಬಲಗೈ ಬರೇ ಹಿಡೀಲಿ,” ಎಂದ.

ಮಧ್ಯಾಹ್ನದವರೆಗೆ ಅವನ ಕೈ ನಿಲ್ಲಲಿಲ್ಲ. ಹಿಡಿಯೊಳಗಿನ ಸೆಲ್ಲುಗಳನ್ನೆಲ್ಲ ತೆಗೆದು ಹಾಕಿದ. ಕರೆಂಟು ಹೋದಾಗ ಹಚ್ಚುವ ಎಮರ್ಜೆನ್ಸಿ ದೀಪದ ಬ್ಯಾಟರಿಯನ್ನು ಕ್ಯಾನ್ವಾಸಿನ ಚೀಲದಲ್ಲಿಟ್ಟು, ಸೊಂಟಕ್ಕೆ ಕಟ್ಟುವ ಪಟ್ಟಿ ಹೊಲಿಸಿದ. ಅಲ್ಲಿಂದ ಕತ್ತರಿಗೆ ಒಂದು ಮೆತ್ತನೆಯ ವಾಯರ್. ನಡುವೆ, ಎಡಗೈಗೆ ಸಿಗುವಂತೆ, ಹಳೆಯ ಮೋಟರ್ ಸೈಕಲಿನ ಹಾರ್ನ್ ಗುಂಡಿ. ಒತ್ತಿ ಹಿಡಿದರೆ ಓಡುತ್ತದೆ, ಬೆರಳು ತೆಗೆದ ಕ್ಷಣ ನಿಲ್ಲುತ್ತದೆ. ಹಿಡಿಗೆ ಸೈಕಲ್ ಟ್ಯೂಬಿನ ರಬ್ಬರ್ ಸುತ್ತಿದ. ಸುತ್ತಿದ ಪ್ರತಿ ಸಲವೂ ಅವಳ ಕೈಗೆ ಕೊಟ್ಟು, ಮುಖ ನೋಡಿ, ಮತ್ತೆ ಒಂದು ಸುತ್ತು ಬಿಚ್ಚುತ್ತಿದ್ದ.

“ಹಾರ್ನ್ ಹೊಡೀರಿ ಕಾಕೂ, ಬೇಲಿ ಬಾಜೂ ಸರೀತೈತಿ!”

“ಹುಳಾ ಸರದ್ರ ಸಾಕಪ್ಪಾ,” ಎಂದಳು ಇವಳು.

ಎದ್ದು ನಿಂತು, ತೋಳು ಚಾಚಿ, ಕಣ್ಣು ಮುಚ್ಚಿದಳು. ಅವನಿಗೆ ಯಾರೂ ವಿವರಿಸಲಿಲ್ಲ, ಆದರೂ ಕೆಲಸ ನಿಲ್ಲಿಸಿದ. ಒಂಬತ್ತು ಮುಗಿಯಿತು. ಅವಳು ಕೈ ಇಳಿಸಲಿಲ್ಲ; ಮತ್ತೆ ಒಂದರಿಂದ ಆರಂಭಿಸಿದಳು.

ಹೊರಡುವಾಗ ನಾನು ಚಾರ್ಜಿನ ವಿಷಯ ಕೇಳಿದೆ, ಎರಡು ಸಲ ಕೇಳಿದೆ. ಅವನು ನಕ್ಕ. “ಇದು ಬ್ಯಾರೆ ಜಾತಿ ಕಾಕಾರ. ಇದು ಹಸದು ಕುಂತ್ರ ಸಾಯ್ತೈತಿ. ಇದಕ್ಕ ಸೋಲಾಕ ಬಿಡಬ್ಯಾಡ್ರಿ. ವಾರಕ್ಕೊಮ್ಮೆ ತಪ್ಪದ ತುಂಬ್ರಿ. ದಿನಾ ಬ್ಯಾಡ ಮತ್ತ!”

ಸೋಮವಾರ ಗವಂಡಿ ಬಂದಾಗ ಅವಳು ಬೇಲಿಯ ಮುಂದೆ ನಿಂತಿದ್ದಳು, ಸೊಂಟಕ್ಕೆ ಚೀಲ, ಕಾಲ ಬಳಿ ಬೇವಿನ ಕಡ್ಡಿ. ಯಂತ್ರ ಮೊದಲಿಗಿಂತ ಸ್ವಲ್ಪ ನಿಧಾನ ಓಡುತ್ತಿತ್ತು, ಆದರೆ ನಿಲ್ಲುತ್ತಿರಲಿಲ್ಲ. ಗವಂಡಿ ತನ್ನ ಬುಟ್ಟಿ ಹಿಡಿದುಕೊಂಡು ಬಹಳ ಹೊತ್ತು ನೋಡಿದ.

“ಅಕ್ಕಾರ, ಮತ್ತ ಫರಸಿ?”

“ಎರಡು ಕಲ್ಲು ಪಾರಿಜಾತದ ಕೆಳಗ ಕುಂದರಾಕ ಹಾಕು. ಒಂದು ನಲ್ಲಿ ಮುಂದ ಹಾಕು, ಒರಟ ಬಾಜೂ ಮ್ಯಾಲ ಮಾಡಿ. ಮತ್ತ ಯಾರೂ ಜಾರಬಾರ್ದು. ಉಳದದ್ದು ತಿರುಗಿ ಒಯ್ಯಾಕ ಹೇಳು.”

ಮುಂದಿನ ಆಷಾಢದ ಹುಣ್ಣಿಮೆಗೆ ಹತ್ತು ದಿನ ಮೊದಲು ಅವಳು ದಿನಕ್ಕೆ ಒಂದು ಮಾರಿನ ನಿಯಮವನ್ನು ಮುರಿದು ಎರಡು ಮಾರು ಮಾಡಿದಳು. ನಾನು ಪಾರಿಜಾತದ ಕೆಳಗಿನ ಕಲ್ಲಿನ ಮೇಲೆ ಕೂತು ನೋಡುತ್ತಿದ್ದೆ. ಬೇಲಿಯನ್ನು ಎಂದಿನಂತೆ ಸೊಂಟದ ಎತ್ತರಕ್ಕೆ ಬಿಡದೆ ಮೊಣಕಾಲಿಗೆ ಇಳಿಸುತ್ತಿದ್ದಳು. ಯಾಕೆ ಎಂದೆ.

“ಹೋದ ವರ್ಷ ನಾಲ್ಕ ತಿಂಗಳಿಗೆ ಸೊಂಟದಿಂದ ಹೆಗಲಿಗೆ ಬಂದಿತ್ತು. ಈ ಸಲ ಇಲ್ಲಿಂದ ಶುರು ಮಾಡಿದ್ರ ದೀಪಾವಳಿಗೆ ಸೊಂಟದ ಮಟ ನಿಲ್ಲತೈತಿ. ತೋಳ ಎತ್ತೂದ ಬೇಕಾಗಂಗಿಲ್ಲ,” ಎಂದಳು. ಹುಣ್ಣಿಮೆಯ ಹಿಂದಿನ ದಿನ ಕೊನೆಯ ಮಾರು ಮುಗಿಸಿ, ಬ್ರಷ್ಷಿನಿಂದ ಹಲ್ಲು ತಿಕ್ಕಿ, ಒಂದು ಹನಿ ಎಣ್ಣೆ ಬಿಟ್ಟು, ಚೀಲ ಬಿಚ್ಚಿ, ಎಲ್ಲವನ್ನೂ ಬಟ್ಟೆಯಲ್ಲಿ ಸುತ್ತಿ ನನ್ನ ತೊಡೆಯ ಮೇಲೆ ಇಟ್ಟಳು. “ರವಿವಾರ ಒಂದ ಸಲ. ನೆನಪಿರಲಿ.”