ನಮ್ಮ ಬೀದಿಯಲ್ಲಿ ತಳ್ಳಿದ ಸೈಕಲ್ಲು

ಸರ್ಕಾರ ಪ್ಲಸ್ ಒನ್, ಅಂದರೆ ಹನ್ನೊಂದನೇ ಕ್ಲಾಸಿನ ಹುಡುಗಿಯರಿಗೆ ಪುಕ್ಕಟೆ ಸೈಕಲ್ಲು ಕೊಟ್ಟ ವರ್ಷ ನಾನೂ ನನ್ನ ಗೆಳತಿಯೂ ಒಂದೇ ದಿನ ಸೈಕಲ್ಲಿನ ಒಡತಿಯರಾದೆವು. ಕೆಲಮಂಗಲದ ರಸ್ತೆಯ ಸ್ಕೂಲಿಗೆ ನಮ್ಮ ಹಳ್ಳಿಯಿಂದ ಹೋಗಿ ಬರಬೇಕಿತ್ತು. ನನ್ನ ಮನೆ ದೊಡ್ಡ ಬೀದಿಯ ಮೊದಲನೆಯದು, ಅವಳದು ಊರಾಚೆಯ ಕಾಲೋನಿಯಲ್ಲಿ. ಬೆಳಿಗ್ಗೆ ನಾನು ಸೈಕಲ್ಲು ಹಿಡಿದು ಬೀದಿಯ ತಲೆಯಲ್ಲಿ ಕಾಯುತ್ತಿದ್ದೆ. ಜೋರಾಗಿ ಬರುತ್ತಿದ್ದವಳು ನನ್ನನ್ನು ಕಂಡ ಕೂಡಲೇ ಇಳಿಯುತ್ತಿದ್ದಳು. ಬೀದಿಯುದ್ದಕ್ಕೂ ಇಬ್ಬರೂ ತಳ್ಳಿಕೊಂಡು ಹೋಗಿ, ಕೊನೆಯಲ್ಲಿ ಹತ್ತುತ್ತಿದ್ದೆವು. ನನ್ನ ಜೊತೆ ಹರಟುವ ಆಸೆಗೆ ಇಳಿಯುತ್ತಾಳೆ ಅಂತ ನನಗೆ ಒಳಗೊಳಗೇ ಹೆಮ್ಮೆ. ಮಾತೆಲ್ಲ ನನ್ನದೇ, ಅವಳದು ಬರೀ ಹ್ಞೂ. ಅದಾದರೂ ನನಗೆ ಹೊಳೆಯಬೇಡವೇ!

ಆ ವರ್ಷ ಚರಿತ್ರೆ ಪಾಠಕ್ಕೆ ಹೊಸ ಟೀಚರ್ ಬಂದರು. ಪುಸ್ತಕ ಮುಚ್ಚಿಸಿ ಪ್ರಶ್ನೆ ಕೇಳುವುದು ಅವರ ಚಾಳಿ. ಉತ್ತರ ಉರು ಹೊಡೆದು ಬರುತ್ತಿದ್ದ ನನಗೆ ಅವರನ್ನು ಕಂಡರೆ ಮೈ ಉರಿಯುತ್ತಿತ್ತು. “ರಾಜರ ದಂಡು ಯಾವ ದಾರೀಲಿ ಬಂತು ಅಂತ ಓದಿದ್ದೀರಿ. ನೀವು ಯಾವ ದಾರೀಲಿ ಬರ್ತೀರಿ, ಅದನ್ನ ಬರೀರಿ” ಅಂತ ಒಂದು ದಿನ ಸೀಮೆಸುಣ್ಣ ಹಂಚಿ ನಮ್ಮನ್ನೆಲ್ಲ ನೆಲಕ್ಕೆ ಕೂರಿಸಿದರು.

ನಾನು ಹುಣಸೆಮರ, ಕಚ್ಚುವ ನಾಯಿ, ಟೀ ಅಂಗಡಿ ಎಲ್ಲ ಬರೆದೆ. ಗೆಳತಿ ಬರೆದದ್ದು ಒಂದು ಗೆರೆ. ನಡುವೆ ಅದು ಚುಕ್ಕಿಚುಕ್ಕಿಯಾಗಿ, ಆಮೇಲೆ ಮತ್ತೆ ಗೆರೆಯಾಗಿತ್ತು.

“ಇದೇನಮ್ಮ ಚುಕ್ಕಿ?” ಅಂದರು ಟೀಚರ್.

“ಅಲ್ಲಿ ಇಳೀತೀನಿ ಟೀಚರ್.”

“ಯಾಕೆ, ದಿಬ್ಬವಾ?”

“ಇಲ್ಲ, ಊರು. ನಾವು ಅಲ್ಲಿ ಸೈಕಲ್ ಮೇಲೆ ಕುಂತ್ಕಂಡು ಹೋಗಂಗಿಲ್ಲ.”

ಮಳೆ ಬಂತು ಅನ್ನುವ ಹಾಗೆ ಹೇಳಿದಳು. ಟೀಚರ್ ಬಾಯಿಗೆ ಕೈ ಇಟ್ಟುಕೊಂಡರು. ಅಷ್ಟರಲ್ಲಿ ಬೇರೆ ಊರುಗಳಿಂದ ಬರುತ್ತಿದ್ದ ಒಂದಿಬ್ಬರು ತಲೆ ತಗ್ಗಿಸಿ, ತಾವು ಬರೆದ ಗೆರೆಯನ್ನು ಅಂಗೈಯಲ್ಲಿ ಒರೆಸಿ ಚುಕ್ಕಿ ಇಡತೊಡಗಿದರು. ಆ ಚುಕ್ಕಿಗಳ ಮೇಲೆ ನಾನೂ ದಿನಾ ನಡೆದಿದ್ದೆ, ನಗುನಗುತ್ತಾ.

ಮನೆಗೆ ಓಡಿ ಬಂದು ಅಜ್ಜಿಯನ್ನು ಕೇಳಿದೆ. ನನ್ನ ಗೆಳತಿಗೆ ಅಂತ ಸೀಬೆಹಣ್ಣು ಆರಿಸಿ ನನ್ನ ಕೈಲಿ ಕಳಿಸುತ್ತಿದ್ದ ಅಜ್ಜಿ ಅವಳು. ಅವರೆಕಾಯಿ ಸುಲಿಯುತ್ತಲೇ ಹೇಳಿದಳು: “ಇಳೀದೆ ಇನ್ನೇನು? ಮರ್ವಾದೆ ಗೊತ್ತಿರೋ ಹುಡುಗಿ ಕಣಮ್ಮಿ ಅದು. ಅದುಕ್ಕೇ ನಂಗೆ ಅದ್ರ ಮೇಲೆ ಅಷ್ಟು ಆಸೆ.” ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವಳು ಹೇಳಿದ್ದು ಅಕ್ಕರೆಯಿಂದ.

ಕ್ಲಾಸಿನಲ್ಲಿ ಆಡಿದ ಮಾತು ಅಷ್ಟರಲ್ಲೇ ಊರು ಸೇರಿತ್ತು. ಮರುದಿನ ಅವಳು ಬರಲಿಲ್ಲ. ಸ್ಕೂಲು ಮುಗಿಸಿ ನೇರ ಕಾಲೋನಿಗೆ ಹೋದೆ. ಅದುವರೆಗೆ ಅಲ್ಲಿಗೆ ಕಾಲಿಟ್ಟವಳೇ ಅಲ್ಲ ನಾನು. ನನ್ನನ್ನು ಕಂಡದ್ದೇ ಅವಳಪ್ಪ ಕೂತಲ್ಲಿಂದ ಎದ್ದು ನಿಂತರು. ಅಷ್ಟು ವಯಸ್ಸಾದವರು, ಲಂಗ ದಾವಣಿಯ ನನಗೆ!

“ಸ್ಕೂಲು ಸಾಕು ಅಮ್ಮಣ್ಣಿ. ಊರೋರ ಬಾಯಿಗೆ ಬೀಳೋದು ಬ್ಯಾಡ. ಹೊಸೂರು ಕಂಪ್ನಿ ವ್ಯಾನು ಬತ್ತದೆ, ಕೆಲ್ಸಕ್ಕೆ ಹತ್ತುಸ್ಬುಡ್ತೀನಿ” ಅಂದರು.

ನಾನು ಗೆಳತಿಯ ಮೇಲೆ ರೇಗಿದೆ. “ಇಷ್ಟು ದಿನ ನಂಗ್ಯಾಕೆ ಹೇಳ್ಲಿಲ್ಲ?”

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. “ನಿಂಗೆ ಏನ ಹೇಳೋದು? ನೀನೇ ಕಾವಲಿಗೆ ನಿಂತಿರ್ತಿದ್ದೆ.”

“ಕಾವಲಾ?”

“ನಾನು ಇಳೀತೀನೋ ಇಲ್ವೋ ನೋಡಾಕೆ. ನಿಮ್ಮಜ್ಜಿ ನಿಲ್ಲಿಸವ್ರೆ ಅಂದ್ಕಂಡಿದ್ದೆ. ಬೀದಿ ಮುಗಿಯೋಗಂಟ ಪಕ್ಕದಲ್ಲೇ ಬತ್ತಿದ್ದಲ್ಲ.”

ನಾನು ಗೆಳೆತನ ಅಂದುಕೊಂಡಿದ್ದ ಅಷ್ಟೂ ಬೆಳಗುಗಳು ಅವಳಿಗೆ ಪಹರೆಯಾಗಿದ್ದವು. ಅಲ್ಲ ಕಣೆ, ನಿನ್ನ ಜೊತೆ ಮಾತಾಡೋಕೆ ಕಣೆ ಅಂತ ಹೇಳಹೋಗಿ ಗೋಳೋ ಅಂತ ಅತ್ತುಬಿಟ್ಟೆ. ಅವಳು ಸಮಾಧಾನ ಮಾಡಲಿಲ್ಲ. ಅಪ್ಪನ ಕಡೆ ತಿರುಗಿದಳು.

“ಕಂಪ್ನಿ ವ್ಯಾನು ನಿಲ್ಲೋದು ಎಲ್ಲಪ್ಪ? ಆ ಬೀದಿ ದಾಟಿ ಅಲ್ವಾ? ಅಲ್ಲಿಗೂ ಸೈಕಲ್ ತಳ್ಕಂಡೇ ಹೋಗ್ಬೇಕು. ಅದುಕ್ಕಿಂತ ಸ್ಕೂಲಿಗೇ ಹೋಯ್ತೀನಿ.”

ಅವರು ನನ್ನ ಮುಖ ನೋಡಿದರು, ಮಗಳ ಮುಖ ನೋಡಿದರು. ಆಗಲಿ ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ.

ಮರುದಿನ ಬೆಳಿಗ್ಗೆ ನಾನು ಸೈಕಲ್ಲು ಹಿಡಿದು ಎಂದಿನ ಜಾಗದಲ್ಲೇ ನಿಂತೆ. ಬೇರೆಲ್ಲಿ ನಿಲ್ಲಬೇಕು ಅಂತ ಗೊತ್ತಾಗಲಿಲ್ಲ. ಅಜ್ಜಿ ಬಾಗಿಲಿಗೆ ನೀರು ಹಾಕುತ್ತಿದ್ದಳು. ದೂರದಲ್ಲಿ ಬೆಲ್ಲು ಕೇಳಿಸಿತು. ಅವಳು ಹತ್ತಿರ ಬಂದಳು, ಇಳಿಯಲಿಲ್ಲ. ಅಜ್ಜಿಯ ಕೈಯಿಂದ ಚೊಂಬು ಜಾರಿತು.

“ಇಳಿಯೇ!” ಅಂತ ಅಜ್ಜಿ ಚೀರಿದಳು. ಆ ದನಿಯನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಗೆಳತಿ ತಿರುಗಿ ನೋಡಲಿಲ್ಲ. ನನ್ನನ್ನು ದಾಟುವಾಗ ಮಾತ್ರ ಒಂದು ಮಾತು ಹೇಳಿದಳು.

“ಅಲ್ಲಿ ನಿಲ್ಬ್ಯಾಡ. ಹತ್ತು.”