ಕಾಲುವೆ ದಂಡೆಯ ಕುದುರೆಬಾಲ

ಕೋಸಗಿಯ ನಮ್ಮ ಚಿಕ್ಕಮ್ಮನ ಹಿತ್ತಾಳೆ ಕೊಡಗಳು ಓಣಿಗೆಲ್ಲ ಹೊಳೆಯುತ್ತಿದ್ದುದು ಹುಣಸೆಹಣ್ಣಿನಿಂದಲ್ಲ, ಕಾಲುವೆ ದಂಡೆಯಿಂದ ಆಕೆ ಕಿತ್ತು ತರುತ್ತಿದ್ದ ಒರಟು ಹಸಿರು ಕಡ್ಡಿಗಳಿಂದ. ಎಲೆಯೆಂಬುದು ಹೆಸರಿಗಷ್ಟೇ ಇದ್ದ, ಹೂವಿನ ಗೋಜಿಗೇ ಹೋಗದ, ಗೆಣ್ಣುಗೆಣ್ಣಾಗಿ ಬೆಳೆಯುವ ಆ ಕಡ್ಡಿಯನ್ನು ರಜೆಗೆ ಹೋದಾಗಲೆಲ್ಲ ನಾನು ಎಳೆದು ಬಿಡಿಸಿ, ಮತ್ತೆ ಒಂದರೊಳಗೊಂದು ಕೂಡಿಸಿ ಆಡಿದ್ದೇನೆ. ಕುದುರೆಬಾಲವೆಂಬ ಈ ನನ್ನ ಆಟಿಕೆಗೆ ಎಂಥ ಘನವಾದ ಮನೆತನವಿದೆಯೆಂದು ತಿಳಿದದ್ದು ಸಸ್ಯಶಾಸ್ತ್ರ ಓದಿದ ಮೇಲೆ.

ಆ ಮನೆತನದ ಕತೆಯನ್ನು ನೀವೂ ಕೇಳಬೇಕು. ಮೂವತ್ತು ಕೋಟಿ ವರ್ಷಗಳ ಹಿಂದೆ, ಲೋಕದಲ್ಲಿ ಇನ್ನೂ ಒಂದು ಹೂವೂ ಅರಳದಿದ್ದಾಗ, ಈ ಕುದುರೆಬಾಲದ ಬಂಧುಗಳು ಜೌಗುನೆಲದಲ್ಲಿ ತೆಂಗಿನೆತ್ತರದ ಮರಗಳಾಗಿ ನಿಂತಿದ್ದವು. ಬಿದ್ದು, ಹೂತು, ಕಲ್ಲಿದ್ದಲಾದವು. ಕಲ್ಲಿದ್ದಲ ಗಣಿಗಳ ಶಿಲೆಯಲ್ಲಿ ಅವುಗಳ ಗೆಣ್ಣಿನ ಅಚ್ಚು ಇಂದಿಗೂ ಸಿಗುತ್ತದೆ. ನಮ್ಮ ಆದೋನಿಯ ಬೆಟ್ಟಗಳು ಅವಕ್ಕಿಂತಲೂ ಎಷ್ಟೋ ಹಿರಿಯವು. ಆದರೆ ಕುದಿಯುವ ಶಿಲೆ ತಣಿದು ಹುಟ್ಟಿದ ಆ ಬಂಡೆಗಳ ನೆನಪಿನಲ್ಲಿ ಒಂದು ಎಲೆಯೂ ಇಲ್ಲ. ಆ ಮರಗಳು ಅಳಿದವು, ಆಮೇಲೆ ಬಂದ ದೈತ್ಯ ಡೈನೋಸಾರುಗಳೂ ಅಳಿದವು. ಅಷ್ಟು ದೊಡ್ಡ ವಂಶದಲ್ಲಿ ಬದುಕಿ ಉಳಿದದ್ದು ಒಂದೇ ಕುಲ.

ಆದೋನಿಯ ಕಾಲೇಜಿನಲ್ಲಿ ಇದನ್ನು ಪಾಠ ಮಾಡುತ್ತ, ಗಾಜಿನ ಸೀಸೆಯೊಳಗಿನ ಬಣ್ಣಗೆಟ್ಟ ತುಂಡನ್ನೇ ತೋರಿಸಿ ಬೇಸತ್ತು, ಒಂದು ದಿನ "ಜೀವಂತ ಗಿಡವನ್ನೇ ತೋರಿಸುತ್ತೇನೆ, ಕೋಸಗಿಯಲ್ಲಿದೆ" ಎಂದುಬಿಟ್ಟೆ. ನಮ್ಮ ವಿಭಾಗದ ಹಿರಿಯ ಸಾರು ಕನ್ನಡಕದ ಮೇಲಿಂದ ನೋಡಿ, ನಡುವೆ ತೆಲುಗು ಬೆರೆಸಿ ಕೇಳಿದರು.

"ಹತ್ತಿ, ಶೇಂಗಾ ಬೆಳಿಯೋ ಸೀಮ್ಯಾಗ ಹಾರ್ಸ್‌ಟೇಲ್ ಏನ್ರಿ ಮೇಡಂ? ಸರೇ, ಚೂದ್ದಾಂ. ತೋರಿಸ್ರಿ, ನೋಡೋಣ."

ವಿದ್ಯಾರ್ಥಿಗಳನ್ನು ಕರೆದುಕೊಂಡು ಪ್ಯಾಸೆಂಜರ್ ರೈಲಿನಲ್ಲಿ ಹೋದೆ. ದಂಡೆ ಬೋಳಾಗಿತ್ತು. ಕಡ್ಡಿಗಳಿದ್ದ ಜಾಗದ ಮೇಲೆ ಹೂಳಿನ ಗುಡ್ಡೆ.

"ಮೊನ್ನೆನ ಜೆಸಿಬಿ ಬಂದಿತ್ತವ್ವ" ಎಂದು ಚಿಕ್ಕಮ್ಮ ಕೈ ಹಿಸುಕಿಕೊಂಡಳು. "ಹೂಳು ತಗದು ಇಲ್ಲೇ ಸುರುವ್ಯಾರ. ನೀ ಬರ್ತೀನಂತ ಒಂದು ಫೋನ್ ಮಾಡಿದ್ರ ನಾ ಅಡ್ಡ ನಿಂದರ್ತಿದ್ದೆ."

ಹುಡುಗರು ನಗಲಿಲ್ಲ, ಅದೇ ಹೆಚ್ಚು ಚುಚ್ಚಿತು. ಇದರ ಬೇರುಕಾಂಡ ನೆಲದಾಳಕ್ಕೆ ಇಳಿದಿರುತ್ತದೆ, ಮೇಲೇನಾದರೂ ಮತ್ತೆ ಚಿಗುರುತ್ತದೆಂದು ಪಾಠ ಹೇಳಿದ್ದವಳು ನಾನೇ. ಆದರೂ ಆ ಗುಡ್ಡೆಯ ಮುಂದೆ ನಿಂತಾಗ ನನ್ನ ಪಾಠವನ್ನು ನಾನೇ ನಂಬಲಾಗಲಿಲ್ಲ. ಆ ಸುತ್ತಿನಲ್ಲಿ ಅದನ್ನು ಬೇರೆಲ್ಲೂ ಕಂಡವಳಲ್ಲ. ಯುಗಯುಗಗಳನ್ನು ದಾಟಿ ಬಂದದ್ದು ಒಂದು ಯಂತ್ರದ ಕೈಗೆ ಸಿಕ್ಕು ಮುಗಿಯಿತೇ ಎಂದು, ಹಿಂತಿರುಗುವ ದಾರಿಯುದ್ದಕ್ಕೂ ಕಿಟಕಿಗೆ ಮುಖವಿಟ್ಟು ಕೂತೆ.

ಕಾಲುವೆಗೆ ನೀರು ಬಿಟ್ಟ ಮೇಲೆ ಒಂದು ಬೆಳಿಗ್ಗೆ ಚಿಕ್ಕಮ್ಮನ ಫೋನು. ನಾನು ಹಲೋ ಎನ್ನುವಷ್ಟೂ ತಡೆಯಲಿಲ್ಲ ಆಕೆ.

"ಗಿರಿಜಾ, ಎದ್ದೈತಿ! ಅಷ್ಟು ಮಣ್ಣು ಹಾಕ್ಯಾರಲ್ಲ, ಎಲ್ಲಾ ಸೀಳಿಕೊಂಡು ಎದ್ದು ನಿಂತೈತಿ. ಕುರಿ ಬಾಯಿ ಹಾಕಬಾರದಂತ ಸುತ್ತ ಜಾಲಿಮುಳ್ಳು ಹಚ್ಚೀನಿ. ಇಲ್ಲೆಲ್ಲೈತಿ ಅಂದ ನಿಮ್ಮ ಸಾರನ್ನೂ ಕರಕೊಂಡು ಬಾ!"

ಸಾರೂ ಬಂದರು, ಹುಡುಗರೂ ಬಂದರು. ಒಣಗಿ ಬಿರಿದ ಹೂಳಿನ ಸೀಳುಗಳಿಂದ ಮೊಣಕಾಲೆತ್ತರದ ಹಸಿರು ಕಡ್ಡಿಗಳು ಸೈನ್ಯದಂತೆ ಎದ್ದಿದ್ದವು, ತುದಿಯಲ್ಲಿ ಬೀಜಕಣಗಳ ಪುಟ್ಟ ಗೊಂಡೆ ಹೊತ್ತು. ಇಸ್ತ್ರಿಯ ಪ್ಯಾಂಟನ್ನು ಮರೆತು ನೀರಂಚಿನ ಕೆಸರಲ್ಲೇ ಮಂಡಿಯೂರಿದ ಸಾರು, ಒಂದು ಗೊಂಡೆಯನ್ನು ಗಾಜಿನ ಪಟ್ಟಿಯ ಮೇಲೆ ತಟ್ಟಿ, ನಾವು ಹೊತ್ತು ತಂದಿದ್ದ ಸೂಕ್ಷ್ಮದರ್ಶಕದಡಿ ಇಟ್ಟು ಮೆಲ್ಲಗೆ ಉಸಿರೂದಿದರು. ತೇವ ತಾಗಿದೊಡನೆ ಬೀಜಕಣಗಳು ಎಳೆಯಂಥ ತೋಳುಗಳನ್ನು ಸುತ್ತಿಕೊಂಡವು. ಆರುತ್ತಲೇ ಚಾಚಿ ಜಿಗಿದವು.

"ಅಯ್ಯಯ್ಯೋ, ಕುಣಿತಾವಲ್ರಿ!" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಮೇಡಂ, ಇಷ್ಟು ವರ್ಷ ನಾನೂ ಸೀಸೆದಾಗಿಂದೇ ತೋರಿಸೀನ್ರಿ" ಎಂದು ಮಗುವಿನಂತೆ ನಕ್ಕರು. ಹುಡುಗರ ಕೇಕೆಗೆ ಕಾಲುವೆಯಾಚೆಯ ಹೊಲದವರೂ ತಲೆಯೆತ್ತಿ ನೋಡಿದರು.

ಚಿಕ್ಕಮ್ಮ ಕೊನೆಗೆ ತಾನೂ ಕಣ್ಣಿಟ್ಟು ಬಹಳ ಹೊತ್ತು ನೋಡಿದಳು. ಎಷ್ಟು ಹಳೆಯದೆಂದು ಕೇಳಿದಳು. ಬೆಟ್ಟವೊಂದನ್ನು ಬಿಟ್ಟರೆ ಇಲ್ಲಿ ಕಾಣುವ ಹುಲ್ಲು, ಹತ್ತಿ, ಹಕ್ಕಿ, ಮನುಷ್ಯ, ಎಲ್ಲಕ್ಕಿಂತ ಮೊದಲಿನ ವಂಶ ಎಂದೆ. ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತು, ಗೆದ್ದವಳ ಗತ್ತಿನಲ್ಲಿ ಸುತ್ತಲಿನ ಹೊಲವನ್ನೆಲ್ಲ ಒಮ್ಮೆ ನೋಡಿದಳು.

"ಹಂಗಾರ ಇದು ನಮ್ಮ ಹೊಲದಾಗ ಬೆಳದಿಲ್ಲವ್ವ. ಇದರ ಊರಾಗ ನಾವು ಹೊಲ ಮಾಡೀವಿ."